ಟಾಪ್ ಕವರ್ ಬಿಚ್ಚುವ ಮುನ್ನ

ಕಾರ್ಖಾನೆಗಳ ಹಂಗಾಮು ಮುಗಿದು ಕಬ್ಬಿನ ಟ್ರಾಲಿಗಳು ಕಳಚಿ ನಿಂತವೆಂದರೆ ಜಯಸಿಂಗಪುರದ ಸುತ್ತಿನ ಟ್ರ್ಯಾಕ್ಟರ್ ಗ್ಯಾರೇಜುಗಳಲ್ಲಿ ದೂರಿನ ಧಾಟಿಯೇ ಬದಲಾಗುತ್ತದೆ. ಚಳಿಗಾಲವಿಡೀ ಕ್ಲಚ್, ಬ್ರೇಕ್, ಟೈರ್ ಎನ್ನುತ್ತಿದ್ದವರು ಏಪ್ರಿಲ್ ಬಂತೆಂದರೆ ಲಿಫ್ಟ್ ಎನ್ನತೊಡಗುತ್ತಾರೆ. ಕಾರಣ ಸರಳ. ಜಯಸಿಂಗಪುರವಿರುವ ಶಿರೋಳ ತಾಲೂಕಿನ ಟ್ರ್ಯಾಕ್ಟರು ನವೆಂಬರಿನಿಂದ ಮಾರ್ಚ್‌ವರೆಗೆ ಎಳೆಯುತ್ತದೆ, ಎತ್ತುವುದಿಲ್ಲ. ಹಿಂದೆ ಎರಡು ಟ್ರಾಲಿ, ಮುಂದೆ ಕಾರ್ಖಾನೆಯ ಗೇಟಿನವರೆಗೆ ಸಾಲು. ಅಷ್ಟು ದಿನ ಲಿಫ್ಟಿನ ತೋಳುಗಳು ಸುಮ್ಮನೆ ಕೆಳಗೆ ಬಿದ್ದಿರುತ್ತವೆ. ಒಳಗಿನ ಸೀಲು ಒಣಗುತ್ತದೆ, ಆಯಿಲ್ ಹಳತಾಗುತ್ತದೆ, ಬೂದಿ ಮತ್ತು ರವದಿಯ ಧೂಳು ಕಪ್ಲರಿನ ಬಾಯಲ್ಲಿ ಕೂತಿರುತ್ತದೆ. ಕೂಳೆ ಕಿತ್ತು ಹೊಲ ಹಸನು ಮಾಡಲು ಪಲ್ಟಿ ನೇಗಿಲು ಸಿಕ್ಕಿಸಿದ ಮೊದಲ ದಿನವೇ ಅದು ಮೇಲೇಳುವುದಿಲ್ಲ.

ಆಮೇಲೆ ನಡೆಯುವ ಮಾತುಕತೆ ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ.

"ಏನಾಗೇತ್ರಿ ಮಿಸ್ತ್ರಿ?"

"ಪಂಪ್ ಹೋಗೇತ್ರಿ ಸಾವ್ಕಾರ್ರ. ಟಾಪ್ ಕವರ್ ಬಿಚ್ಚಬೇಕಾಕ್ಕೈತಿ."

ಪಂಪ್ ನಿಜವಾಗಿಯೂ ಹೋಗಿರಬಹುದು. ಆದರೆ ಬಹಳಷ್ಟು ಸಲ ಹೋಗಿರುವುದಿಲ್ಲ. ಹೊಸ ಪಂಪ್ ಹಾಕಿದ ಮೇಲೆ ಲಿಫ್ಟ್ ಸರಿಯಾಯಿತಲ್ಲ ಎನ್ನುತ್ತೀರಿ. ಪಂಪ್ ಬದಲಿಸುವಾಗ ಆಯಿಲ್ ಹೊಸದು ಬಿತ್ತು, ಫಿಲ್ಟರ್ ಹೊಸದು ಬಂತು, ಸಕ್ಷನ್ ಪೈಪಿನ ಓ-ರಿಂಗ್ ಬದಲಾಯಿತು. ಕೆಲಸ ಮಾಡಿದ್ದು ಇವು, ಹೆಸರು ಬಂದದ್ದು ಪಂಪಿಗೆ. ಅದಕ್ಕೇ ಈ ಬರಹದ ಒತ್ತು ರಿಪೇರಿಗಿಂತ ತಪಾಸಣೆಯ ಮೇಲೆ: ಸ್ಪ್ಯಾನರ್ ಮುಟ್ಟುವ ಮೊದಲು ಖರ್ಚಿಲ್ಲದೆ ಏನೇನು ನೋಡಬಹುದು, ಯಾವುದರ ನಂತರ ಯಾವುದು.

ಲಿಫ್ಟಿಗೆ ಬಲ ಎಲ್ಲಿಂದ ಬರುತ್ತದೆ

ಒಳಗಿನ ಲೆಕ್ಕ ಒಮ್ಮೆ ತಿಳಿದರೆ ಮುಂದಿನದೆಲ್ಲ ಹಗುರ. ಪಂಪ್ ಆಯಿಲನ್ನು ತಳ್ಳುತ್ತದೆ, ವಾಲ್ವ್ ಅದಕ್ಕೆ ದಾರಿ ತೋರಿಸುತ್ತದೆ, ಸಿಲಿಂಡರಿನಲ್ಲಿ ಪಿಸ್ಟನ್ ಅದನ್ನು ಬಲವನ್ನಾಗಿ ಮಾರ್ಪಡಿಸುತ್ತದೆ. ಪಂಪ್ ಪ್ರೆಷರ್ ಹುಟ್ಟಿಸುವುದಿಲ್ಲ, ಹರಿವನ್ನು ಮಾತ್ರ ಕೊಡುತ್ತದೆ. ಆ ಹರಿವಿಗೆ ಭಾರ ಅಡ್ಡ ನಿಂತಾಗಲೇ ಪ್ರೆಷರ್ ಏರುವುದು. ನಮ್ಮ 45-50 ಎಚ್‌ಪಿ ಟ್ರ್ಯಾಕ್ಟರುಗಳಲ್ಲಿ ರಿಲೀಫ್ ವಾಲ್ವ್ ತೆರೆಯುವುದು ಮಾಡೆಲಿಗೆ ತಕ್ಕಂತೆ ಸುಮಾರು 150ರಿಂದ 200 ಬಾರ್‌ನಲ್ಲಿ. 90 ಮಿಲಿಮೀಟರ್ ವ್ಯಾಸದ ಪಿಸ್ಟನ್ ಇದೆ ಎಂದುಕೊಳ್ಳಿ. ಅದರ ಮುಖ ಸುಮಾರು 63.6 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಿದರೆ ಒಂಬತ್ತೂವರೆ ಟನ್ ಬಲ. ಲಿಫ್ಟ್ ತೋಳುಗಳ ಮೀಟು ಅದನ್ನು ಹಂಚಿಕೊಂಡು ಕೊನೆಗೆ ಲೋವರ್ ಲಿಂಕಿನ ತುದಿಯಲ್ಲಿ ಒಂದೂವರೆ, ಎರಡು ಟನ್ ಉಳಿಯುತ್ತದೆ.

ಕಂಪನಿಯ ಕಾಗದದಲ್ಲಿ ಬರೆದ ಎತ್ತುವ ಸಾಮರ್ಥ್ಯ ಆ ಲಿಂಕಿನ ತುದಿಯ ಲೆಕ್ಕ. ಪಲ್ಟಿ ನೇಗಿಲಿನ ಭಾರ ಅಲ್ಲಿರುವುದಿಲ್ಲ, ಅದಕ್ಕಿಂತ ಮೊಳದಷ್ಟು ಹಿಂದಿರುತ್ತದೆ. ಭಾರ ಹಿಂದೆ ಸರಿದಷ್ಟೂ ಲಿಫ್ಟ್ ಸೋಲುತ್ತದೆ. ಅಕ್ಕಪಕ್ಕದವನ ದೊಡ್ಡ ಟ್ರ್ಯಾಕ್ಟರಿನ ನೇಗಿಲನ್ನು ಎರವಲು ತಂದು "ನಮ್ಮ ಲಿಫ್ಟ್ ಕೆಟ್ಟಿದೆ" ಎನ್ನುವವರಿಗೆ ರಿಪೇರಿ ಬೇಕಿಲ್ಲ.

ಈ ಏರ್ಪಾಡಿನ ಮೂಲ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಹಿಂದಿನ ಮೂರು ಕೊಂಡಿ ಮತ್ತು ಹೈಡ್ರಾಲಿಕ್ ಕೂಡಿಸಿ, ನೇಗಿಲಿಗೆ ಎಳೆತ ಹೆಚ್ಚಾದರೆ ತಾನೇ ತುಸು ಮೇಲೇಳುವ ಡ್ರಾಫ್ಟ್ ಕಂಟ್ರೋಲನ್ನು ಆತ 1920ರ ದಶಕದಲ್ಲೇ ಪೇಟೆಂಟ್ ಮಾಡಿಸಿದ್ದ. 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನ ಮೂಲಕ ಅದು ಅಮೆರಿಕದ ಹೊಲಗಳಿಗೆ ಹರಡಿತು. ಮದ್ರಾಸಿನಲ್ಲಿ 1960ರಲ್ಲಿ ಶುರುವಾದ ಟ್ಯಾಫೆ ತಯಾರಿಸಿದ ಮ್ಯಾಸ್ಸಿ ಫರ್ಗ್ಯುಸನ್‌ಗಳ ಬೆನ್ನಿಗೂ ಅದೇ ಬಂತು. ಇವತ್ತು ಯಾವ ಬಣ್ಣದ ಟ್ರ್ಯಾಕ್ಟರ್ ಕೊಂಡರೂ ಹಿಂದಿರುವುದು ಆ ಮೂರು ಕೊಂಡಿಯೇ.

ಅದೇ ಪಂಪು, ಅದೇ ಸಿಲಿಂಡರು ಅಮೆರಿಕದಲ್ಲಿ ಇನ್ನೊಂದು ಹುಚ್ಚಿಗೂ ಬಳಕೆಯಾಯಿತು. ಕಾರಿನ ಯಾವ ಭಾಗವೂ ಗಾಲಿಯ ರಿಮ್ಮಿನ ತಳಕ್ಕಿಂತ ಕೆಳಗಿರಬಾರದೆಂದು 1958ರಲ್ಲಿ ಕ್ಯಾಲಿಫೋರ್ನಿಯಾ ನಿಯಮ ತಂದಾಗ, ರಾನ್ ಅಗಿರ್ರೆ ಎಂಬ ಯುವಕ ವಿಮಾನದ ಹಳೆಯ ಹೈಡ್ರಾಲಿಕ್ ಭಾಗಗಳನ್ನು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿದ. ಪೊಲೀಸರು ಕಂಡರೆ ಎತ್ತರ, ಇಲ್ಲದಿದ್ದರೆ ತಗ್ಗು. ಈಗ ಅಂಥದ್ದೇ ಏರ್ಪಾಡಿನಿಂದ ಪಿಕಪ್ ಟ್ರಕ್ಕುಗಳು ಕುಣಿಯುವ ವಿಡಿಯೋ ನೋಡಿ ನಮ್ಮ ಹುಡುಗರೂ "ಹಂಗ ಮಾಡಿಸೋಣೇನ್ರಿ ಅಣ್ಣಾರ?" ಎಂದು ಗ್ಯಾರೇಜಿಗೆ ಬರುತ್ತಾರಂತೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿನ್ಯಾಸ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಆರ್‌ಸಿ ಕಳೆದುಕೊಳ್ಳುವ ಆಸೆ ಇಲ್ಲದಿದ್ದರೆ ಕುಣಿತ ವಿಡಿಯೋದಲ್ಲೇ ಇರಲಿ.

ಮೊದಲು ಆಯಿಲ್, ಆಮೇಲೆ ಮಾತು

ಟ್ರ್ಯಾಕ್ಟರನ್ನು ಸಮ ನೆಲದ ಮೇಲೆ ನಿಲ್ಲಿಸಿ. ಲಿಫ್ಟ್ ಪೂರ್ತಿ ಕೆಳಗೆ. ಡಂಪಿಂಗ್ ಟ್ರಾಲಿ ಜೋಡಿಸಿದ್ದರೆ ಅದರ ಜ್ಯಾಕ್ ಪೂರ್ತಿ ಒಳಗೆ. ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಟ್ರಾಲಿ ಎತ್ತಿಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ದೊಡ್ಡ ಜ್ಯಾಕೊಂದು ಹೌಸಿಂಗಿನಿಂದ ಹತ್ತು ಹನ್ನೆರಡು ಲೀಟರ್ ಆಯಿಲ್ ಎಳೆದುಕೊಳ್ಳಬಲ್ಲದು. ಇದೇ ಕಾರಣಕ್ಕೆ ಇನ್ನೊಂದು ತಮಾಷೆ ನಡೆಯುತ್ತದೆ. ಬೇರೆಯವನ ಖಾಲಿ ಜ್ಯಾಕಿನ ಟ್ರಾಲಿಯನ್ನು ಸಿಕ್ಕಿಸಿ ಎತ್ತಿ, ಹಾಗೇ ಕಪ್ಲರ್ ಕಳಚಿ ಹೋದರೆ ನಿಮ್ಮ ಆಯಿಲ್ ಅವನ ಟ್ರಾಲಿಯಲ್ಲೇ ಉಳಿಯುತ್ತದೆ. ಹಂಗಾಮಿನಲ್ಲಿ ಟ್ರಾಲಿಗಳು ಕೈಬದಲಾಗುವಾಗ ಆಯಿಲ್ ಮಟ್ಟ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಬದಲಿಗೆ ಬರುವುದು ಅವನ ಕಸ.

ಮಟ್ಟ ಸರಿ ಇದ್ದರೆ ಬಣ್ಣ ನೋಡಿ. ಒಂದು ಪಾರದರ್ಶಕ ಗಾಜಿನ ಬಾಟಲಿಗೆ ಬಿಸಿ ಆಯಿಲನ್ನು ಹಿಡಿದು ಇಡಿ. ಅದು ಮಸುಕಾಗಿದ್ದು, ಸ್ವಲ್ಪ ಹೊತ್ತಿನಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಗಾಳಿ. ಸಕ್ಷನ್ ಕಡೆಯಲ್ಲಿ ಎಲ್ಲೋ ಓ-ರಿಂಗ್ ಸೋತು ಪಂಪ್ ಗಾಳಿ ಕುಡಿಯುತ್ತಿದೆ. ರಾತ್ರಿ ಕಳೆದರೂ ಹಾಲಿನಂತೆ ಬೆಳ್ಳಗೇ ಇದ್ದರೆ, ಅಥವಾ ತಳದಲ್ಲಿ ನೀರಿನ ಗೆರೆ ಕಂಡರೆ, ಅದು ನೀರು. ಖಾತ್ರಿ ಬೇಕೇ? ಅಡುಗೆಯ ತವಾ ಬೇಡ, ಗ್ಯಾರೇಜಿನ ಹಳೆಯ ತಗಡನ್ನು ಚೆನ್ನಾಗಿ ಕಾಯಿಸಿ, ಬೆಂಕಿಯಿಂದ ಆಚೆ ತೆಗೆದು, ಮುಖ ದೂರವಿಟ್ಟು, ಎರಡು ಹನಿ ಆಯಿಲ್ ಬಿಡಿ. ಶುದ್ಧ ಆಯಿಲ್ ಸುಮ್ಮನೆ ಹರಡಿ ಹೊಗೆಯಾಡುತ್ತದೆ. ನೀರು ಬೆರೆತದ್ದು ಚಟಚಟ ಸಿಡಿಯುತ್ತದೆ.

ಫಿಲ್ಟರನ್ನು ಬಿಚ್ಚಿದಾಗ ಎಸೆಯುವ ಅವಸರ ಬೇಡ. ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಹಿತ್ತಾಳೆ ಬಣ್ಣದ ನುಣುಪು ಹುಡಿ ಮಿನುಗಿದರೆ ಪಂಪಿನ ಬುಷ್ ಸವೆಯುತ್ತಿದೆ ಎನ್ನಲು ಆಧಾರ ಸಿಕ್ಕಂತೆ. ಮ್ಯಾಗ್ನೆಟ್‌ಗೆ ಅಂಟುವ ಚೂರು ಗೇರಿನದು, ಏಕೆಂದರೆ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್‌ಗೂ ಒಂದೇ ಆಯಿಲ್. ಕಪ್ಪು ಮೆತ್ತನೆಯ ತುಣುಕು ಸೀಲಿನದು ಅಥವಾ ಹೋಸಿನ ಒಳಪದರದ್ದು. ಬರೀ ಕಪ್ಪು ಕೆಸರು, ಬೂದಿಯಂಥ ಮಣ್ಣು ಇದ್ದರೆ ಅದು ಹೊರಗಿನಿಂದ, ಕಪ್ಲರಿನ ಬಾಯಿಂದ ಬಂದದ್ದು. ಪಂಪ್ ಹೋಗಿದೆ ಎಂದು ಮಿಸ್ತ್ರಿ ಹೇಳಿದರೆ ಆ ಹಿತ್ತಾಳೆ ಹುಡಿಯನ್ನು ತೋರಿಸಲು ಕೇಳುವುದರಲ್ಲಿ ತಪ್ಪಿಲ್ಲ.

ಆಯಿಲಿನ ಆಯ್ಕೆಯಲ್ಲಿ ಜಿಪುಣತನ ಬೇಡ. ಉಳಿದ ಎಂಜಿನ್ ಆಯಿಲನ್ನು ಲಿಫ್ಟಿಗೆ ಸುರಿಯುವ ರೂಢಿ ನಮ್ಮ ಕಡೆ ಇದೆ. ಆಯಿಲಿನಲ್ಲಿ ಮುಳುಗಿರುವ ಬ್ರೇಕಿನ ಟ್ರ್ಯಾಕ್ಟರಿಗೆ ಅದು ಬೇರೆಯೇ ತೊಂದರೆ ತರುತ್ತದೆ. ಆ ಬ್ರೇಕುಗಳಿಗಾಗಿಯೇ ಬೆರೆಸಿದ ಅಂಶ ಎಂಜಿನ್ ಆಯಿಲಿನಲ್ಲಿ ಇರುವುದಿಲ್ಲ, ಬ್ರೇಕ್ ಕಿರುಚಲು ಶುರು ಮಾಡುತ್ತದೆ. ಎರಡು ಟ್ರಾಲಿ ಕಬ್ಬು ಹಿಂದಿರುವಾಗ ಬ್ರೇಕಿನೊಂದಿಗೆ ಆಟ ಆಡುವಂತಿಲ್ಲ.

ಮಹಾಪೂರ ಕುಡಿದ ಟ್ರ್ಯಾಕ್ಟರ್

ನೀರಿನ ಮಾತು ಬಂದಾಗ ಶಿರೋಳದವರಿಗೆ ಬೇರೆ ಹೇಳಬೇಕಿಲ್ಲ. ಕೃಷ್ಣೆ, ಪಂಚಗಂಗೆ, ವಾರಣೆ, ದೂಧಗಂಗೆ ನಾಲ್ಕೂ ಸುತ್ತಿಕೊಂಡ ತಾಲೂಕು ಇದು. ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆ 39 ಅಡಿ ಮುಟ್ಟಿದರೆ ಎಚ್ಚರಿಕೆ, 43 ಅಡಿಗೆ ಅಪಾಯ. ಆ ನೀರು ನರಸೋಬಾ ವಾಡಿಯ ಸಂಗಮಕ್ಕೆ ಬಂದು ಕೃಷ್ಣೆಯ ಸೆಡವಿಗೆ ಹಿಂದಕ್ಕೆ ಸರಿದು ಹೊಲ-ಊರು ತುಂಬುತ್ತದೆ. 2005, 2019, 2021ರಲ್ಲಿ ದನಕರು ಸಾಗಿಸುವ ಗಡಿಬಿಡಿಯಲ್ಲಿ ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ಬಂದ ಮನೆಗಳು ಎಷ್ಟೋ.

ಮುಳುಗಿದ ಟ್ರ್ಯಾಕ್ಟರಿನ ಹೈಡ್ರಾಲಿಕ್ ಹೌಸಿಂಗಿಗೆ ನೀರು ಹೊಕ್ಕುವುದು ಬ್ರೀದರ್ ಮೂಲಕ, ಡಿಪ್‌ಸ್ಟಿಕ್‌ನ ತೂತಿನ ಮೂಲಕ. ನೀರು ಇಳಿದ ಮೇಲೆ ಮೊದಲ ನಿಯಮ: ಚಾಲೂ ಮಾಡಬೇಡಿ, ಗೇರಿನಲ್ಲಿಟ್ಟು ಎಳೆಯಲೂ ಬೇಡಿ. ನಿಂತ ಟ್ರ್ಯಾಕ್ಟರಿನಲ್ಲಿ ನೀರು ತಳದಲ್ಲಿರುತ್ತದೆ, ಆಯಿಲ್ ಮೇಲೆ. ತಳದ ಪ್ಲಗ್ಗನ್ನು ಮೆಲ್ಲಗೆ ಸಡಿಲಿಸಿದರೆ ಮೊದಲು ಬರುವುದು ನೀರೇ. ಒಮ್ಮೆ ಎಂಜಿನ್ ತಿರುಗಿತೋ, ಎರಡೂ ಮಜ್ಜಿಗೆಯಾಗುತ್ತವೆ, ಬೇರ್ಪಡಿಸಲು ಆಗುವುದಿಲ್ಲ. ಪೂರ್ತಿ ಖಾಲಿ ಮಾಡಿ, ಸ್ಟ್ರೈನರ್ ತೊಳೆದು, ಹೊಸ ಫಿಲ್ಟರ್ ಹಾಕಿ, ಸರಿಯಾದ ಗ್ರೇಡಿನ ಆಯಿಲ್ ತುಂಬಿ, ಕಡಿಮೆ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ ಲಿಫ್ಟನ್ನು ನಾಲ್ಕಾರು ಸಲ ಏರಿಸಿ ಇಳಿಸಿ. ಬಿಸಿಯಿರುವಾಗಲೇ ಅದನ್ನೂ ಹೊರಗೆ ಬಿಡಿ. ಎರಡನೇ ಸಲ ತುಂಬಿದ್ದೇ ನಿಜವಾದ ಆಯಿಲ್. ದುಬಾರಿ ಅನ್ನಿಸುತ್ತದೆ, ಹೌದು. ತುಕ್ಕು ಹಿಡಿದ ಬೇರಿಂಗುಗಳ ಲೆಕ್ಕದ ಮುಂದೆ ಇದು ಅಗ್ಗ.

ಡಂಪಿಂಗ್ ಟ್ರಾಲಿಯ ಜ್ಯಾಕ್ ಹೊರಗೆ ಚಾಚಿದ ಸ್ಥಿತಿಯಲ್ಲಿ ಮುಳುಗಿದ್ದರೆ ಅದನ್ನು ಹಾಗೇ ಒಳಗೆ ಇಳಿಸಬೇಡಿ. ಒಣಗಿದ ಹೊಳೆಗೆಸರು ಮರಳುಕಾಗದದ ಕೆಲಸ ಮಾಡುತ್ತದೆ. ಹೊಳಪಿನ ಕ್ರೋಮಿಗೆ ಒಂದು ಗೆರೆ ಬಿದ್ದರೂ ಆಮೇಲೆ ಎಷ್ಟು ಸೀಲ್ ಬದಲಿಸಿದರೂ ಅದು ಕೊಯ್ದುಕೊಂಡೇ ಹೋಗುತ್ತದೆ. ತೊಳೆದು, ಉಗುರು ಆಡಿಸಿ ನೋಡಿ, ಆಯಿಲ್ ಹಚ್ಚಿ, ಆಮೇಲೆ ಇಳಿಸಿ. ಮಳೆಗಾಲದಲ್ಲಿ ಟ್ರಾಲಿ ನಿಲ್ಲಿಸುವುದಾದರೆ ಜ್ಯಾಕ್ ಸದಾ ಒಳಗಿರಲಿ.

ರೋಗದ ಲಕ್ಷಣ ಏನು ಹೇಳುತ್ತದೆ

ಆಯಿಲ್, ಫಿಲ್ಟರ್ ಸರಿ ಇದ್ದೂ ಲಿಫ್ಟ್ ಏಳದಿದ್ದರೆ ಮೊದಲು ಲಿವರುಗಳನ್ನು ನೋಡಿ. ನಗಬೇಡಿ. ಹೊರಗಿನ ಹೈಡ್ರಾಲಿಕ್ ಇರುವ ಅನೇಕ ಟ್ರ್ಯಾಕ್ಟರುಗಳಲ್ಲಿ ಆಯಿಲಿನ ದಾರಿ ತಿರುಗಿಸುವ ನಾಬ್ ಒಂದಿರುತ್ತದೆ. ಟ್ರಾಲಿಗೆಂದು ತಿರುಗಿಸಿದ್ದು ಹಂಗಾಮಿಡೀ ಹಾಗೇ ಉಳಿದಿದ್ದರೆ ಲಿಫ್ಟಿಗೆ ಆಯಿಲ್ ಹೋಗುವುದೇ ಇಲ್ಲ. ಹಳೆಯ ಮ್ಯಾಸ್ಸಿ ನಮೂನೆಯಲ್ಲಿ ಪಂಪ್ ತಿರುಗುವುದು ಪಿಟಿಒ ಶಾಫ್ಟಿನಿಂದ, ಪಿಟಿಒ ಲಿವರ್ ಬಿಟ್ಟಿದ್ದರೆ ಲಿಫ್ಟ್ ಸತ್ತಂತೆಯೇ. ಡ್ರಾಫ್ಟ್ ಲಿವರ್ ಕೆಳಗಿದ್ದರೆ ಕೆಲವು ಮಾಡೆಲುಗಳಲ್ಲಿ ಪೊಸಿಶನ್ ಲಿವರ್ ಎಷ್ಟು ಎಳೆದರೂ ಫಲವಿಲ್ಲ.

ಅಲ್ಲಿಂದ ಮುಂದೆ ಒಳ್ಳೆಯ ಸುಳಿವು ಕೊಡುವುದು ಬಿಸಿ. ಬೆಳಗ್ಗೆ ತಣ್ಣಗಿರುವಾಗ ಚೆನ್ನಾಗಿ ಎತ್ತಿ, ಹನ್ನೊಂದರ ಹೊತ್ತಿಗೆ ಏದುಸಿರು ಬಿಡುವ ಲಿಫ್ಟಿನಲ್ಲಿ ಆಯಿಲ್ ಒಳಗೊಳಗೇ ಸೋರುತ್ತಿದೆ. ಬಿಸಿಯಾಗಿ ತೆಳ್ಳಗಾದ ಆಯಿಲ್ ಸವೆದ ಪಂಪು, ಸವೆದ ಪಿಸ್ಟನ್ ಸೀಲುಗಳ ಸಂದಿನಿಂದ ನುಸುಳುತ್ತದೆ. ಇದಕ್ಕೆ ತಿರುಗಾಮುರುಗಾ ಆದರೆ, ಗಡಹಿಂಗ್ಲಜದ ಡಿಸೆಂಬರ್ ಬೆಳಗಿನಲ್ಲಿ ಏಳದೆ ಬಿಸಿಲೇರಿದ ಮೇಲೆ ಏಳುವುದಾದರೆ, ತೊಡಕು ಸಕ್ಷನ್ ಕಡೆಯದು: ಕಟ್ಟಿದ ಸ್ಟ್ರೈನರ್, ದಪ್ಪ ಆಯಿಲ್. ಆಗ ಪಂಪ್ ಹಸಿದು ಕೊರೆಯುವ ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ಮೇಲೂ ಎಂಜಿನ್ ವೇಗ ಏರಿಸಿ ಕೆಲಸ ತೆಗೆಯುವವರೇ ಒಳ್ಳೆಯ ಪಂಪನ್ನು ನಿಜವಾಗಿ ಕೊಲ್ಲುವವರು.

ಎತ್ತಿದ್ದು ನಿಲ್ಲದೆ ಇಳಿಯುತ್ತಿದ್ದರೆ ಅಳತೆಪಟ್ಟಿ ತನ್ನಿ. ನೇಗಿಲನ್ನು ಎತ್ತಿ, ಎಂಜಿನ್ ಬಂದ್ ಮಾಡಿ, ನೆಲದಿಂದ ಲಿಂಕಿನ ತುದಿಗೆ ಎಷ್ಟಿದೆ ಅಳೆದು ಸೀಮೆಸುಣ್ಣದಲ್ಲಿ ಬರೆಯಿರಿ. ಐದೈದು ನಿಮಿಷಕ್ಕೊಮ್ಮೆ, ಅರ್ಧ ಗಂಟೆ. ಮಧ್ಯಪ್ರದೇಶದ ಬುದನಿಯ ಸರಕಾರಿ ಪರೀಕ್ಷಾ ಕೇಂದ್ರದಲ್ಲಿ ಹೊಸ ಟ್ರ್ಯಾಕ್ಟರುಗಳನ್ನು ನೋಡುವ ಕ್ರಮವೂ ಇದೇ, ನಿಮ್ಮ ಅಂಗಳದಲ್ಲೂ ನಡೆಯುತ್ತದೆ. ಅರ್ಧ ಗಂಟೆಗೆ ಎರಡು ಬೆರಳು ಇಳಿದರೆ ನಾನಂತೂ ತಲೆ ಕೆಡಿಸಿಕೊಳ್ಳಲಾರೆ. ಗೇಣಿನಷ್ಟು ಇಳಿದರೆ ಒಳಗಿನ ಸಿಲಿಂಡರಿನ ಸೀಲ್ ಅಥವಾ ತಡೆ ವಾಲ್ವ್ ಸೋತಿದೆ. ಇಲ್ಲಿ ಪಂಪಿನ ಪಾತ್ರ ಇಲ್ಲವೇ ಇಲ್ಲ, ಎಂಜಿನ್ ಬಂದ್ ಇದೆಯಲ್ಲ! ಎಂಜಿನ್ ಓಡುವಾಗ ನೇಗಿಲು ತಂತಾನೆ ಇಳಿದು ಏರಿ, ಇಳಿದು ಏರಿ ಬಿಕ್ಕಳಿಸುವುದೂ ಇದೇ ಸೋರಿಕೆ. ಇಳಿದದ್ದನ್ನು ಪೊಸಿಶನ್ ಕಂಟ್ರೋಲ್ ಮತ್ತೆ ಮತ್ತೆ ಸರಿಪಡಿಸುತ್ತಿರುತ್ತದೆ, ಅಷ್ಟೇ.

ಡಂಪಿಂಗ್ ಟ್ರಾಲಿ ತಾನೇ ಇಳಿಯುತ್ತಿದ್ದರೆ ತರ್ಕ ಇನ್ನೂ ಸುಲಭ. ನಮ್ಮ ಟ್ರಾಲಿಗಳ ಜ್ಯಾಕ್ ಬಹುತೇಕ ಒಂದೇ ಕಡೆಯಿಂದ ತಳ್ಳುವಂಥದ್ದು, ಇಳಿಯುವುದು ತನ್ನ ಭಾರದಿಂದ. ಅದರಿಂದ ಆಯಿಲ್ ಹೊರಡಲು ಎರಡೇ ದಾರಿ: ಮೇಲಿನ ಸೀಲಿನಿಂದ ಹೊರಕ್ಕೆ, ಇಲ್ಲವೇ ಪೈಪಿನಿಂದ ಟ್ರ್ಯಾಕ್ಟರಿಗೆ ವಾಪಸ್. ಜ್ಯಾಕಿನ ಮೈ, ಪೈಪು, ಕಪ್ಲರು ಒಣಗಿದ್ದೂ ಟ್ರಾಲಿ ಇಳಿಯುತ್ತಿದ್ದರೆ ಜ್ಯಾಕನ್ನು ಬಿಚ್ಚಿಸಿ ಉಪಯೋಗವಿಲ್ಲ, ತಪ್ಪು ಟ್ರ್ಯಾಕ್ಟರಿನ ವಾಲ್ವಿನಲ್ಲಿದೆ. ಬೇರೆ ಟ್ರ್ಯಾಕ್ಟರಿಗೆ ಅದೇ ಟ್ರಾಲಿ ಸಿಕ್ಕಿಸಿ ನೋಡಿದರೆ ಐದೇ ನಿಮಿಷದಲ್ಲಿ ಇತ್ಯರ್ಥ. ಪಲ್ಟಿ ನೇಗಿಲು ತಿರುಗಿಸುವ ಸಿಲಿಂಡರ್ ಮಾತ್ರ ಎರಡೂ ಕಡೆಯಿಂದ ತಳ್ಳುತ್ತದೆ, ಅದರಲ್ಲಿ ಆಯಿಲ್ ಪಿಸ್ಟನ್ ದಾಟಿ ಆಚೆ ಹೋಗಬಹುದು, ಹೊರಗೆ ಹನಿಯೂ ಕಾಣದು.

ಲಿಫ್ಟ್ ಪೂರ್ತಿ ಮೇಲೇರಿದ ಮೇಲೂ ಕಿರ್ರೆನ್ನುವ ಸದ್ದು ನಿಲ್ಲದಿದ್ದರೆ ರಿಲೀಫ್ ವಾಲ್ವ್ ತೆರೆದೇ ಇದೆ, ಆಯಿಲ್ ಕಾಯುತ್ತಿದೆ ಎಂದರ್ಥ. ಇದು ಸಾಮಾನ್ಯವಾಗಿ ಒಳಗಿನ ಕಡ್ಡಿಗಳ ಹೊಂದಾಣಿಕೆ ತಪ್ಪಿದ್ದು. ತಾತ್ಕಾಲಿಕವಾಗಿ ಲಿವರನ್ನು ಬೆರಳಷ್ಟು ಕೆಳಗಿಳಿಸಿ ಕೆಲಸ ಮಾಡಿ, ಬಿಡುವಾದಾಗ ಸರಿಪಡಿಸಿಕೊಳ್ಳಿ.

ಗೇಜ್ ಸುಳ್ಳು ಹೇಳುವುದಿಲ್ಲ

ಇಷ್ಟಾದರೂ ಬಗೆಹರಿಯದಿದ್ದರೆ ಪ್ರೆಷರ್ ಗೇಜ್ ಬೇಕು. 400 ಬಾರ್‌ವರೆಗಿನ, ಗ್ಲಿಸರಿನ್ ತುಂಬಿದ ಗೇಜಿಗೆ ಕಪ್ಲರಿನ ಗಂಡು ತುದಿ ಕೂಡಿಸಿಕೊಟ್ಟರೆ ಸಾಕು. ಊರಿಗೊಂದು ಇದ್ದರೂ ನಡೆದೀತು. ಆಯಿಲ್ ಚೆನ್ನಾಗಿ ಬಿಸಿಯಾದ ಮೇಲೆ ಹೊರಗಿನ ಕಪ್ಲರಿಗೆ ಸಿಕ್ಕಿಸಿ, ಲಿವರನ್ನು ಎರಡು ಮೂರು ಸೆಕೆಂಡು ಮಾತ್ರ ಎಳೆದು ಹಿಡಿಯಿರಿ. ಮೊದಲು ನಿಧಾನ ವೇಗದಲ್ಲಿ, ಆಮೇಲೆ ಹೆಚ್ಚಿನ ವೇಗದಲ್ಲಿ. ಎರಡರಲ್ಲೂ ಪ್ರೆಷರ್ ಒಂದೇ ಮಟ್ಟಕ್ಕೆ ಕಡಿಮೆ ನಿಂತರೆ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಸೋತಿದೆ ಅಥವಾ ಅದರ ಬಾಯಲ್ಲಿ ಕಸ ಸಿಕ್ಕಿದೆ. ಹೆಚ್ಚಿನ ವೇಗದಲ್ಲಿ ಸರಿಯಾಗಿ ಬಂದು ನಿಧಾನದಲ್ಲಿ ಬೀಳುತ್ತಿದ್ದರೆ ಹರಿವು ಸಾಲುತ್ತಿಲ್ಲ, ಆಗ ಪಂಪಿನ ಮೇಲೆ ಸಂಶಯ ಪಡಲು ಅಡ್ಡಿಯಿಲ್ಲ. ಎರಡರಲ್ಲೂ ಪುಸ್ತಕದ ಅಂಕಿ ಬಂದರೆ ಪಂಪು, ರಿಲೀಫ್ ವಾಲ್ವ್ ಎರಡೂ ಗಟ್ಟಿಮುಟ್ಟು. ದೋಷ ಲಿಫ್ಟಿನ ಸಿಲಿಂಡರಿನಲ್ಲೋ ಕಡ್ಡಿಗಳಲ್ಲೋ ಇದೆ.

ರಿಲೀಫ್ ವಾಲ್ವಿನೊಳಗೆ ಒಂದು ವಾಷರ್ ಹಾಕಿ "ಪವರ್ ಏರಿಸಿಕೊಡುವ" ಕೈಚಳಕ ನಮ್ಮ ಕಡೆ ಪ್ರಸಿದ್ಧ. ಸ್ಪ್ರಿಂಗ್ ಬಿಗಿಯಾಗಿ ಪ್ರೆಷರ್ ಏರುವುದು ನಿಜ, ಆ ದಿನ ನೇಗಿಲು ಎದ್ದೇಳುವುದೂ ನಿಜ. ಆದರೆ ಹೌಸಿಂಗು, ಹೋಸು, ಸಿಲಿಂಡರು, ಪಂಪಿನ ಬುಷ್ಷು ಎಲ್ಲವೂ ಹಳೆಯ ಅಂಕಿಗೆ ತಯಾರಾದವು. ಅವುಗಳಲ್ಲಿ ಯಾವುದು ಸೋಲುತ್ತದೆ ಎಂಬುದಷ್ಟೇ ಗೊತ್ತಿರುವುದಿಲ್ಲ. ಗೇಜ್ ಇಲ್ಲದೆ ವಾಷರ್ ಹಾಕುವ ಕೈಗೆ ಟ್ರ್ಯಾಕ್ಟರ್ ಕೊಡಬೇಡಿ ಎಂದೇ ನನ್ನ ಖಡಾಖಂಡಿತ ಅಭಿಪ್ರಾಯ.

ಎರಿ ಹೊಲಕ್ಕೊಂದು, ಮಸಾರಿಗೊಂದು

ಕೆಡದ ಲಿಫ್ಟ್ ಕೂಡ ಹೊಂದಿಸದಿದ್ದರೆ ಕೆಟ್ಟಂತೆಯೇ ನಡೆಯುತ್ತದೆ. ಟಾಪ್ ಲಿಂಕ್ ಗಿಡ್ಡ ಮಾಡಿದರೆ ನೇಗಿಲಿನ ಮೂತಿ ನೆಲಕ್ಕೆ ಬಾಗಿ ಆಳಕ್ಕೆ ಇಳಿಯುತ್ತದೆ, ಉದ್ದ ಮಾಡಿದರೆ ಹಿಂದಿನ ತಾಳ ಒತ್ತಿ ಮೂತಿ ಏಳುತ್ತದೆ. ಕೃಷ್ಣಾ ದಂಡೆಯ ಎರಿಯಲ್ಲಿ ಮೂತಿ ಬಾಗಿಸಿಕೊಂಡೇ ಬಂದ ಚಾಲಕ ಗಡಹಿಂಗ್ಲಜದ ಕಲ್ಲು ಬೆರೆತ ಇಳಿಜಾರು ಮಸಾರಿಗೆ ಹಾಗೇ ಹೊಕ್ಕರೆ ಲಿಫ್ಟಿನ ಮೇಲೆ ಹೊಡೆತ ಬೀಳುತ್ತದೆ. ಬಲಗಡೆಯ ಲೆವೆಲಿಂಗ್ ಬಾಕ್ಸ್ ತಿರುಗಿಸಿ, ಹಿಂದೆ ನಿಂತು ನೋಡಿದಾಗ ಚೌಕಟ್ಟು ನೆಲಕ್ಕೆ ಸಮವಾಗಿದೆಯೇ ಎಂದು ನೋಡಿ. ಒಂದು ಗಾಲಿ ಸಾಲಿನಲ್ಲಿ ಇಳಿದು ನಡೆಯುವ ನೇಗಿಲಿಗೆ ಆ ಸ್ಥಿತಿಯಲ್ಲೇ ಸಮ ಇರಬೇಕು.

ನೇಗಿಲು, ಫಣದ ಕಲ್ಟಿವೇಟರಿನಂಥ ಎಳೆಯುವ ಸಾಮಾನಿಗೆ ಡ್ರಾಫ್ಟ್ ಕಂಟ್ರೋಲ್. ರೋಟಾವೇಟರ್, ಸ್ಪ್ರೇಯರ್‌ನಂಥ ಎತ್ತರ ಕಾಯಬೇಕಾದ ಸಾಮಾನಿಗೆ ಪೊಸಿಶನ್ ಕಂಟ್ರೋಲ್. ಎರಡನ್ನೂ ಒಟ್ಟಿಗೆ ಎಳೆದು ಕೂರುವುದು ಚಾಲಕರ ಮಾಮೂಲಿ ತಪ್ಪು. ಸವಳು-ಜವಳು ಹೊಲದಲ್ಲಿ ಒಂದು ಕಡೆ ಗಟ್ಟಿ, ಹತ್ತು ಹೆಜ್ಜೆ ಆಚೆ ಹೂತುಹೋಗುವ ಮಣ್ಣು. ಅಲ್ಲಿ ಡ್ರಾಫ್ಟ್ ಕಂಟ್ರೋಲ್ ಒಂದನ್ನೇ ನಂಬಿದರೆ ಮೆತ್ತನೆ ಜಾಗದಲ್ಲಿ ನೇಗಿಲು ಎಳೆತ ಹುಡುಕಿಕೊಂಡು ಬೇಕಿಲ್ಲದಷ್ಟು ಆಳಕ್ಕೆ ಹೋಗುತ್ತದೆ, ಹಾಗಾಗಿ ಪೊಸಿಶನ್ ಲಿವರಿನಿಂದ ಆಳಕ್ಕೊಂದು ಗಡಿ ಹಾಕಿಕೊಳ್ಳಬೇಕು. ಅದನ್ನು ಮಾಡಲು ಬರುವ ಟ್ರ್ಯಾಕ್ಟರ್ ಹೌದೋ ಅಲ್ಲವೋ ಎಂಬುದು ನಿಮ್ಮ ಕೈಪಿಡಿಯಲ್ಲಿದೆ. ಇಳಿಯುವ ವೇಗ ಹೊಂದಿಸುವ ನಾಬನ್ನು ಭಾರದ ಸಾಮಾನಿಗೆ ನಿಧಾನದ ಕಡೆಗೆ ತಿರುಗಿಸಿ. ರೋಟಾವೇಟರನ್ನು ದಬ್ಬೆಂದು ಕೆಡವಿದರೆ ಮುರಿಯುವುದು ಬ್ಲೇಡ್ ಮಾತ್ರವಲ್ಲ.

ರಸ್ತೆಯ ಮೇಲಿನ ಹೊಡೆತ ಇನ್ನೂ ದೊಡ್ಡದು. ಆಯಿಲ್ ಒತ್ತಿದರೆ ಕುಗ್ಗುವ ವಸ್ತುವಲ್ಲ. 1955ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಕಾರು ಹೈಡ್ರಾಲಿಕ್ ಸಸ್ಪೆನ್ಷನ್ ತಂದಾಗ ಮೆತ್ತನೆಯ ಗುಣ ಕೊಟ್ಟದ್ದು ಆಯಿಲಲ್ಲ, ಲೋಹದ ಗುಂಡಿನೊಳಗೆ ತುಂಬಿದ ನೈಟ್ರೋಜನ್ ಗ್ಯಾಸ್. ಕುಣಿಯುವ ಟ್ರಕ್ಕುಗಳೂ ಮೈಮೂಳೆ ಉಳಿಸಿಕೊಳ್ಳಲು ಅಂಥ ಗುಂಡುಗಳನ್ನೋ ಸ್ಪ್ರಿಂಗುಗಳನ್ನೋ ಇಟ್ಟುಕೊಳ್ಳಬೇಕು. ನಮ್ಮ ಸಾಮಾನ್ಯ ಟ್ರ್ಯಾಕ್ಟರಿನ ಲಿಫ್ಟಿಗೆ ಅದಿಲ್ಲ. ಅರ್ಧ ಟನ್ ರೋಟಾವೇಟರನ್ನು ಮೇಲೆತ್ತಿಕೊಂಡು ಜಯಸಿಂಗಪುರದಿಂದ ಇಚಲಕರಂಜಿಯ ಕಡೆಗೆ ಹೊರಟರೆ ದಾರಿಯ ಪ್ರತಿ ಹಂಪಿನಲ್ಲೂ ಆ ಭಾರದ ಹಲವು ಪಟ್ಟು ಹೊಡೆತ ನೇರ ಸೀಲಿಗೆ, ವಾಲ್ವಿಗೆ ಬೀಳುತ್ತದೆ. ಲಾಕ್ ಇರುವ ಟ್ರ್ಯಾಕ್ಟರಿನಲ್ಲಿ ರಸ್ತೆಗಿಳಿಯುವ ಮೊದಲು ಲಾಕ್ ಹಾಕಿ, ಚೆಕ್ ಚೈನ್ ಬಿಗಿ ಮಾಡಿ, ಹಂಪಿನಲ್ಲಿ ನಿಧಾನಿಸಿ. ಮುಂದಿನ ಗಾಲಿ ಹಗುರಾಗಿ ಸ್ಟಿಯರಿಂಗ್ ತೇಲತೊಡಗಿದರೆ ಮುಂದೆ ಭಾರ ಕಟ್ಟಿ. ಟ್ರ್ಯಾಕ್ಟರಿನ ಒಟ್ಟು ಭಾರದ ಐದರಲ್ಲೊಂದು ಪಾಲಾದರೂ ಮುಂದಿನ ಗಾಲಿಗಳ ಮೇಲೆ ಉಳಿಯಬೇಕು.

ಜೀವಕ್ಕೆ ಸಂಬಂಧಿಸಿದ್ದು

ಪೈಪಿನಲ್ಲಿ ಸೂಜಿಮೊನೆಯ ತೂತು ಬಿದ್ದಿದ್ದರೆ ಅದನ್ನು ಕೈ ಸವರಿ ಹುಡುಕಬೇಡಿ. 150 ಬಾರ್‌ನಲ್ಲಿ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಹೊಕ್ಕುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲ ಗಂಟೆಗಳಲ್ಲಿ ನೋವೂ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾಂಸ ಕೊಳೆಯತೊಡಗುತ್ತದೆ, ತಡವಾದರೆ ಬೆರಳೋ ಕೈಯೋ ತೆಗೆಯಬೇಕಾಗುತ್ತದೆ. ರಟ್ಟಿನ ತುಂಡು ಹಿಡಿದು ಹುಡುಕಿ. ಅಕಸ್ಮಾತ್ ತಗುಲಿದರೆ ಅರಿಸಿನ ಹಚ್ಚಿ ಮಲಗಬೇಡಿ, ಅದೇ ತಾಸಿನಲ್ಲಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ" ಎಂದೇ ಹೇಳಿ.

ಎತ್ತಿದ ಟ್ರಾಲಿಯ ಕೆಳಗೆ ತಲೆ ಹಾಕುವ ಮೊದಲು ಚಾಸಿಗೂ ಡಬ್ಬಿಗೂ ನಡುವೆ ಕಬ್ಬಿಣದ ಟೇಕು. ಜ್ಯಾಕ್ ಎಷ್ಟೇ ಗಟ್ಟಿಯಿರಲಿ, ಹುಡುಗನೊಬ್ಬ ಲಿವರ್ ಮುಟ್ಟಿದರೆ ಮುಗಿಯಿತು. ಕಾರ್ಖಾನೆಯಿಂದ ಗೊಬ್ಬರಕ್ಕೆಂದು ತರುವ ಹಸಿ ಪ್ರೆಸ್‌ಮಡ್ ಡಬ್ಬಿಗೆ ಅಂಟಿಕೊಂಡು ಜಾರುವುದಿಲ್ಲ, ಅಷ್ಟೂ ಭಾರ ಮೇಲೆಯೇ ನಿಲ್ಲುತ್ತದೆ. ಆಗ ಒಂದು ಗಾಲಿ ಮೆತ್ತನೆ ಮಣ್ಣಿಗೆ ಇಳಿದರೂ ಟ್ರಾಲಿ ಪಕ್ಕಕ್ಕೆ ಮಗುಚುತ್ತದೆ. ಗಟ್ಟಿ ಸಮ ನೆಲ ನೋಡಿ, ತಲೆಯ ಮೇಲೆ ವಿದ್ಯುತ್ ತಂತಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎತ್ತಿ. ಅಂಟಿದ್ದನ್ನು ಉದುರಿಸಲು ಟ್ರ್ಯಾಕ್ಟರನ್ನು ಹಿಂದೆ ಮುಂದೆ ಜಗ್ಗಬೇಡಿ. ಹೂತ ಟ್ರಾಲಿಯನ್ನು ಎಳೆಯುವಾಗ ಸರಪಳಿಯನ್ನು ಹುಕ್ಕಿಗೇ ಹಾಕಿ. ಟಾಪ್ ಲಿಂಕಿನ ತೂತಿಗೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಹಿಂದಕ್ಕೆ ಮಗುಚುತ್ತದೆ.

ಹೋಸ್ ಬದಲಿಸುವಾಗ ಅಂಗಡಿಯಲ್ಲಿ ಬರೀ "ಅರ್ಧ ಇಂಚಿನದು ಕೊಡ್ರಿ" ಎಂದರೆ ಸಾಲದು. ಮೈಮೇಲಿನ ಬರಹ ಓದಿ. ಅರ್ಧ ಇಂಚಿನಲ್ಲಿ ಒಂದು ತಂತಿಪದರದ ಆರ್1 ಹೋಸ್ ತಾಳುವುದು 160 ಬಾರ್, ಎರಡು ಪದರದ ಆರ್2 ತಾಳುವುದು 275. ಟ್ರಾಲಿಗೆ ಎರಡನೆಯದೇ ಇರಲಿ. ಪ್ರೆಸ್ ಮಾಡಿದ ತುದಿಯ ಹತ್ತಿರವೇ ಬಾಗದಂತೆ, ಟ್ರ್ಯಾಕ್ಟರ್ ಪೂರ್ತಿ ತಿರುಗಿದಾಗಲೂ ಬಿಗಿಯಾಗದಷ್ಟು ಉದ್ದ ತೆಗೆದುಕೊಳ್ಳಿ. ಎರಡೂ ತುದಿಗೆ ರಬ್ಬರ್ ಮುಚ್ಚಳ ಕೇಳಿ ಪಡೆಯಿರಿ, ಸಿಕ್ಕಿಸುವ ಮೊದಲು ಪ್ರತಿ ಸಲ ಚೊಕ್ಕ ಬಟ್ಟೆಯಿಂದ ಒರೆಸಿ. ಗ್ಯಾರೇಜಿಗೆ ಹೋಗಲೇಬೇಕಾದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ತಣ್ಣಗಿದ್ದಾಗ ಹೇಗೆ, ಬಿಸಿಯಾದಾಗ ಹೇಗೆ, ಅರ್ಧ ಗಂಟೆಗೆ ಎಷ್ಟು ಇಳಿಯಿತು, ಫಿಲ್ಟರಿನಲ್ಲಿ ಏನು ಸಿಕ್ಕಿತು, ಗೇಜ್ ಎಷ್ಟು ತೋರಿಸಿತು. ಆ ಚೀಟಿ ಓದಿಯೂ ನೇರ ಟಾಪ್ ಕವರಿಗೇ ಕೈ ಹಾಕುವ ಮಿಸ್ತ್ರಿಯಾದರೆ ಕೊಲ್ಹಾಪುರ ರಸ್ತೆಯಲ್ಲಿ ಇನ್ನೂ ನಾಲ್ಕು ಗ್ಯಾರೇಜುಗಳಿವೆ.